ಹತ್ತೊಂಬತ್ತು ದಿನಗಳ ತಿದ್ದುಪಡಿ: ಕನ್ನಡ ಡಿಟಿಪಿ ಬಂಧುಗಳಿಗೆ ಬಹಿರಂಗ ಪತ್ರ

ಪ್ರೀತಿಯ ಡಿಟಿಪಿ ಬಂಧುಗಳೇ,



ಗದಗ, ಮೈಸೂರು, ಶಿವಮೊಗ್ಗ, ಕಲಬುರಗಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಒಳಓಣಿ, ಎಲ್ಲಿ ಕುಳಿತು ಕನ್ನಡ ಪುಸ್ತಕದ ಪುಟ ಕಟ್ಟುತ್ತಿದ್ದರೂ ಈ ಪತ್ರ ನಿಮಗೇ. ಪುಸ್ತಕದ ಮುಖದ ಮೇಲೆ ಲೇಖಕರ ಹೆಸರಿರುತ್ತದೆ, ಬೆನ್ನಿನ ಮೇಲೆ ಪ್ರಕಾಶಕರ ಗುರುತಿರುತ್ತದೆ. ನಮ್ಮ ಹೆಸರು ಬಂದರೆ ಒಳಪುಟದ ಕೆಳಗೆ, 'ಅಕ್ಷರ ಜೋಡಣೆ' ಎಂಬುದರ ಮುಂದೆ, ಸಣ್ಣ ಅಕ್ಷರದಲ್ಲಿ ಬರುತ್ತದೆ. ಆದರೆ ಹಸ್ತಪ್ರತಿ ನಮ್ಮ ಮೇಜಿಗೆ ಬಂದ ದಿನದಿಂದ ಪ್ಲೇಟ್ ಆಗುವ ದಿನದವರೆಗೆ, ಎಷ್ಟೋ ತಿಂಗಳು, ಕೆಲವೊಮ್ಮೆ ಎರಡು ಮೂರು ವರ್ಷ, ಆ ಪುಸ್ತಕದ ತಿದ್ದಿದ ರೂಪ ಇರುವುದು ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಕಳೆದ ಆಷಾಢದಲ್ಲಿ ನನ್ನ ಡಿಸ್ಕ್ ಕೆಟ್ಟಿತು. ಅದರಲ್ಲಿ ಏನು ಹೋಯಿತು, ಏನು ಉಳಿಯಿತು, ಉಳಿದದ್ದು ಯಾವುದರಿಂದ ಉಳಿಯಿತು ಎಂಬುದನ್ನು ನಿಮ್ಮ ಮುಂದೆ ಇಡದೆ ನನಗೆ ಸಮಾಧಾನವಿಲ್ಲ.

ಆಗ ನನ್ನ ಕೈಯಲ್ಲಿದ್ದದ್ದು ನಿವೃತ್ತ ಮಾಸ್ತರರೊಬ್ಬರ ಪುಸ್ತಕ. ಸವದತ್ತಿ ಕಡೆಯ ಹಳ್ಳಿಗಳಲ್ಲಿ ಓಡಾಡಿ ಅವರು ಕೂಡಿಸಿಟ್ಟ ಹಂತಿ ಪದಗಳ ಸಂಗ್ರಹ. ಕಣದಲ್ಲಿ ಎತ್ತು ಕಟ್ಟಿ ತೆನೆ ತುಳಿಸುವಾಗ ರಾತ್ರಿಯಿಡೀ ಹಾಡುತ್ತಿದ್ದ ಪದಗಳವು. ರಾಶಿ ಮಾಡುವ ಮಷೀನು ಬಂದ ಮೇಲೆ ಎತ್ತೂ ಸುತ್ತುವುದಿಲ್ಲ, ಪದವೂ ಏಳುವುದಿಲ್ಲ. ಹಾಡಿದವರ ಬಾಯಲ್ಲಿ ಹೇಗೆ ಬಂತೋ ಹಾಗೇ ಅಚ್ಚಾಗಬೇಕು ಎಂಬುದು ಮಾಸ್ತರರ ಹಟ. ಎಲ್ಲಿ ಸ್ವರ ಎಳೆಯಿತು, ಎಲ್ಲಿ ಒತ್ತು ಬಿದ್ದಿತು, ಯಾವ ಊರಿನವರು 'ಬ್ಯಾಡ' ಅಂದರು, ಯಾವ ಊರಿನವರು 'ಬ್ಯಾಡೋ' ಅಂದರು, ಎಲ್ಲವೂ ಅವರಿಗೆ ಬೇಕು. ಮೂರನೆಯ ಪ್ರೂಫ್ ನಡೆದಿತ್ತು. ಡೆಮಿ ಅಷ್ಟದಳ, 312 ಪುಟ. ಇಂಥ ಪುಸ್ತಕವನ್ನು ಅರ್ಥ ನೋಡಿಕೊಂಡು ಮತ್ತೆ ಹೊಡೆಯಲು ಬರುವುದಿಲ್ಲ. ಒಂದೊಂದು ಅಕ್ಷರವೂ ಒಬ್ಬರು ಕೇಳಿ ಬರೆದುಕೊಂಡದ್ದು.

ಒಂದು ಗುರುವಾರ ಸಂಜೆ, ಹೊರಗೆ ಜಿಟಿಜಿಟಿ ಮಳೆ, ಕ್ಯಾಬಿನೆಟ್ಟಿನ ಒಳಗಿಂದ ಒಂದು ಸಪ್ಪಳ ಬಂತು. ಉಗುರಿನಿಂದ ತಗಡು ಕುಟ್ಟಿದ ಹಾಗೆ, ಒಂದೇ ಅಂತರದಲ್ಲಿ, ಟಕ್, ಟಕ್, ಟಕ್. ಪರದೆ ನೀಲಿಯಾಯಿತು. ಮುನ್ಸೂಚನೆ ಇರಲಿಲ್ಲ ಎಂದು ಹೇಳಲಾರೆ. ಮೂರು ವಾರದಿಂದ ಫೋಲ್ಡರ್ ತೆರೆಯಲು ಒಂದೊಂದು ನಿಮಿಷ ಹಿಡಿಯುತ್ತಿತ್ತು. ಪೇಜ್‌ಮೇಕರ್ ಸೇವ್ ಮಾಡುವಾಗ ನಿಂತುಬಿಡುತ್ತಿತ್ತು. ವೈರಸ್ ಇರಬೇಕು, ರ‍್ಯಾಮ್ ಸಾಲದಿರಬೇಕು ಎಂದು ನಾನೇ ಕಾರಣ ಹುಡುಕಿಕೊಂಡಿದ್ದೆ. ಡಿಸ್ಕಿಗೆ ಎಂಟು ವರ್ಷ ವಯಸ್ಸಾಗಿತ್ತು ಎಂಬುದು ತಲೆಗೆ ಬರಲೇ ಇಲ್ಲ.

ಆಗ ನಾನು ಮಾಡಿದ್ದು ಶುದ್ಧ ತಪ್ಪು. ನೀವು ಮಾಡಬಾರದೆಂದೇ ಹೇಳುತ್ತಿದ್ದೇನೆ. ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಮೂರನೆಯ ಸಲ ವಿಂಡೋಸ್ ತಾನೇ ಡಿಸ್ಕ್ ಪರೀಕ್ಷೆಗೆ ಇಳಿಯಿತು. 'ಬೇಡವೆಂದರೆ ಒಂದು ಕೀ ಒತ್ತಿ' ಎಂದು ಅದು ಕೇಳುತ್ತದೆ, ನಿಮಗೆ ಗೊತ್ತು. ನಾನು ಒತ್ತಲಿಲ್ಲ. ಅದೇ ಸರಿ ಮಾಡಿಕೊಳ್ಳುತ್ತದೆ ಎಂದು ಕೈಕಟ್ಟಿ ಕುಳಿತೆ. ಶೇಕಡಾ 11ಕ್ಕೆ ಬಂದು ನಿಂತಿತು.

ಡಿಸ್ಕಿನೊಳಗೆ ಆಗ ನಡೆಯುತ್ತಿರುವುದು ಏನೆಂದು ಗೊತ್ತಿದ್ದರೆ ಯಾರೂ ಹಾಗೆ ಕುಳಿತಿರಲಾರರು. ಒಳಗಿನ ತಟ್ಟೆ ನಿಮಿಷಕ್ಕೆ 7200 ಸಲ, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ಹೆಡ್ಡು ಆ ತಟ್ಟೆಯನ್ನು ಮುಟ್ಟುವುದೇ ಇಲ್ಲ. ಗಾಳಿಯ ಒಂದು ಪದರದ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಆ 'ಟಕ್' ಎಂಬುದು ಹೆಡ್ಡು ತನ್ನ ದಾರಿಯ ಗುರುತು ಸಿಗದೆ ಮೊದಲಿನ ಜಾಗಕ್ಕೆ ಮರಳಿ, ಮತ್ತೆ ಹುಡುಕಲು ಹೊರಟ ಸಪ್ಪಳ. ಹೆಡ್ಡೇ ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಅದು ತಟ್ಟೆಯ ಮೇಲ್ಮೈಯನ್ನು ಕೆರೆಯಬಹುದು. ಕೆರೆದು ಹೋದ ಜಾಗದ ಅಕ್ಷರಗಳನ್ನು ಯಾರೂ ಮರಳಿ ತರಲಾರರು. ವಿಂಡೋಸಿನ ಆ ಪರೀಕ್ಷೆ ಇರುವುದು ಫೈಲುಗಳ ಲೆಕ್ಕಪತ್ರ ಹೊಂದಿಸುವುದಕ್ಕೆ. ಲೋಹಕ್ಕೆ ಆದ ಗಾಯ ಅದಕ್ಕೆ ತಿಳಿಯದು. ಸಾಯುತ್ತಿರುವ ಡಿಸ್ಕನ್ನು ಅದು ಓದಿಸುತ್ತಲೇ ಇರುತ್ತದೆ, ಅದರ ಮೇಲೆಯೇ ಬರೆಯುತ್ತದೆ, ಹೊಂದಿಕೆಯಾಗದ ತುಂಡುಗಳನ್ನು ಕತ್ತರಿಸಿ ಹಾಕುತ್ತದೆ.

ನಮ್ಮ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನಿಗೆ ಫೋನ್ ಹಚ್ಚಿದೆ. ಸಪ್ಪಳ ಕೇಳಿಸಿದೆ. ಅವನು ಬೇರೆ ಏನೂ ಕೇಳಲಿಲ್ಲ. "ಅಣ್ಣಾರ, ಮೊದ್ಲ ಪ್ಲಗ್ ಕಿತ್ತ ಬಿಡ್ರಿ. ಮತ್ತ ಚಾಲೂ ಮಾಡಬ್ಯಾಡ್ರಿ. ನಾ ಮುಂಜಾನೆ ಬರ್ತೀನ್ರಿ." ಆ ರಾತ್ರಿ ನನಗೆ ಸಿಕ್ಕ ಒಳ್ಳೆಯ ಸಲಹೆ ಅದೊಂದೇ. ನಿಮ್ಮ ಡಿಸ್ಕ್ ಸಪ್ಪಳ ಮಾಡಿದ ದಿನ ನೀವು ಮಾಡಬೇಕಾದ ಮೊದಲ ಕೆಲಸವೂ ಅದೇ. ಫ್ರಿಜ್ಜಿನಲ್ಲಿಡಿ, ತಟ್ಟಿ ನೋಡಿ, ಮುಚ್ಚಳ ಬಿಚ್ಚಿ ಹೆಡ್ಡು ಸರಿಸಿ ಎನ್ನುವವರ ಮಾತು ಕೇಳಬೇಡಿ. ಮುಚ್ಚಳ ಬಿಚ್ಚಬೇಕಾದ ಕೆಲಸ ಧೂಳಿಲ್ಲದ ಕೋಣೆಯಲ್ಲಿ, ಅದನ್ನೇ ಕಲಿತವರ ಕೈಯಲ್ಲಿ ಆಗಬೇಕು. ಅದಕ್ಕೆ ಅವರು ಕೇಳುವ ಹಣ ನಮ್ಮಂಥವರ ಹಲವು ತಿಂಗಳ ದುಡಿಮೆ.

ಮರುದಿನ ಅವನು ಬಂದವನೇ ಕೇಳಿದ್ದು ಬ್ಯಾಕಪ್ ಎಲ್ಲಿ ಎಂದು. ಇತ್ತು. ನಾನು ಪ್ರತಿ ಶನಿವಾರ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡುತ್ತಿದ್ದೆ. ಆದರೆ ಅದಕ್ಕೆ ಹಿಂದಿನ ಒಂದು ಶನಿವಾರ ಶಾಲೆಗಳ ರಸೀತಿ ಪುಸ್ತಕದ ಗಡಿಬಿಡಿ, ಇನ್ನೊಂದು ಶನಿವಾರ ಮಳೆಗೆ ಕಂಬ ಬಿದ್ದು ಕರೆಂಟ್ ಇರಲಿಲ್ಲ. ಕೊನೆಯ ಕಾಪಿಗೂ ಆ ಗುರುವಾರಕ್ಕೂ ನಡುವೆ ಹತ್ತೊಂಬತ್ತು ದಿನ. ನಾನು ಆತುರದಿಂದ ಎಕ್ಸ್‌ಟರ್ನಲ್ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಚುಚ್ಚಲು ಹೋದೆ. ಹುಡುಗ ಕೈ ಹಿಡಿದು ತಡೆದ. ಮೂಲ ಸಾಯುತ್ತಿರುವಾಗ ಬ್ಯಾಕಪ್ಪೇ ನಮ್ಮ ಏಕೈಕ ಪ್ರತಿ. ರೋಗ ಡಿಸ್ಕಿನದೋ, ಪವರ್ ಸಪ್ಲೈಯದೋ, ಫೈಲುಗಳಿಗೆ ಬೀಗ ಹಾಕುವ ವೈರಸ್ಸಿನದೋ ಗೊತ್ತಾಗುವ ಮೊದಲು ಆ ಯಂತ್ರಕ್ಕೆ ಅದನ್ನು ಕೊಡಬಾರದು. ಅವನು ತನ್ನ ಲ್ಯಾಪ್‌ಟಾಪಿನಲ್ಲಿ, ಹೊಸ 1 ಟಿಬಿ ಡಿಸ್ಕಿಗೆ, ಮೊದಲು ಬ್ಯಾಕಪ್ಪಿನದೇ ಇನ್ನೊಂದು ಪ್ರತಿ ತೆಗೆದ. ಅದು ಮುಗಿಯುವವರೆಗೆ ಕೆಟ್ಟ ಡಿಸ್ಕನ್ನು ಮುಟ್ಟಲೇ ಇಲ್ಲ. ಸಮಯ ವ್ಯರ್ಥವಾಗುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಈಗ ಅದರ ಬೆಲೆ ಗೊತ್ತಾಗಿದೆ.

ಬಂಧುಗಳೇ, ಇಲ್ಲಿಂದ ಮುಂದಿನದು ಬೇರೆ ಕಸುಬಿನವರಿಗೆ ಅಷ್ಟು ತಾಗುವುದಿಲ್ಲ, ನಮಗೆ ತಾಗುತ್ತದೆ. ಬೇರೊಂದು ಕಂಪ್ಯೂಟರಿನಲ್ಲಿ ಹತ್ತೊಂಬತ್ತು ದಿನ ಹಿಂದಿನ ಫೈಲ್ ತೆರೆದೆ. ತೆರೆಯಿತು. ಪುಟಗಳಿದ್ದವು, ಅಂಚು ಇತ್ತು, ಪುಟಸಂಖ್ಯೆ ಇತ್ತು. ಕನ್ನಡ ಇರಲಿಲ್ಲ. 312 ಪುಟದ ತುಂಬ ತಲೆಯ ಮೇಲೆ ಚುಕ್ಕೆ, ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ.

ಕಾರಣ ನಿಮಗೆ ಗೊತ್ತಿರುವುದೇ, ಆದರೂ ಬ್ಯಾಕಪ್ ಮಾಡುವಾಗ ನಾವ್ಯಾರೂ ನೆನೆಯುವುದಿಲ್ಲ. ನಮ್ಮ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿ ಮಾಡಿದವು. ಫೈಲಿನಲ್ಲಿ ಉಳಿಯುವುದು ಆ ಮನೆಯ ನಂಬರು ಮಾತ್ರ. ಯಾವ ಮನೆಯಲ್ಲಿ 'ಕ' ಇದೆ, ಯಾವುದರಲ್ಲಿ ಒತ್ತು ಇದೆ ಎಂಬುದು ಗೊತ್ತಿರುವುದು ಫಾಂಟಿಗೆ. ಫಾಂಟ್ ಇಲ್ಲದ ಫೈಲ್ ಕೀಲಿಕೈ ಕಳೆದ ಪೆಟ್ಟಿಗೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳು 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿದ್ದವು, ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೇ ಬಂತು. ಆದರೆ ಪೇಜ್‌ಮೇಕರಿಗೆ ಯೂನಿಕೋಡ್ ಬರುವುದಿಲ್ಲ. ಅದರ ಕೊನೆಯ ದೊಡ್ಡ ಆವೃತ್ತಿಯಾದ 7 ಬಂದದ್ದೂ 2001ರಲ್ಲೇ. ನಮ್ಮಲ್ಲಿ ಅನೇಕರು ಇವತ್ತಿಗೂ ಅದರಲ್ಲೇ ಪುಟ ಕಟ್ಟುತ್ತೇವೆ. ಕೈ ಪಳಗಿದೆ, ಪ್ರೆಸ್ಸಿನವರು ಒಪ್ಪುತ್ತಾರೆ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ನಾನು ಬ್ಯಾಕಪ್ ಮಾಡುತ್ತಿದ್ದದ್ದು ಡಿ ಡ್ರೈವನ್ನು. ಪುಸ್ತಕಗಳೆಲ್ಲ ಅಲ್ಲಿದ್ದವು. ಫಾಂಟುಗಳು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. 'ಸಿ ಡ್ರೈವಿನಲ್ಲಿ ಏನಿದೆ, ಬರೀ ವಿಂಡೋಸ್, ಕೆಟ್ಟರೆ ಮತ್ತೆ ಹಾಕಿಸಿದರಾಯಿತು' ಎಂದು ನಾವು ಆಡುವ ಮಾತು ಎಷ್ಟು ದುಬಾರಿ ಎಂದು ಅವತ್ತು ತಿಳಿಯಿತು. ಡೆಸ್ಕ್‌ಟಾಪ್ ಕೂಡ ಇರುವುದು ಸಿ ಡ್ರೈವಿನಲ್ಲೇ. ನಡೆಯುತ್ತಿರುವ ಕೆಲಸವನ್ನು ನಾವು ಕೈಗೆ ಸಿಗಲೆಂದು ಇಡುವುದು ಡೆಸ್ಕ್‌ಟಾಪಿನ ಮೇಲೆ. ಮಾಸ್ತರರ ಪುಸ್ತಕದ ಮುಖಪುಟ ಅಲ್ಲಿತ್ತು. ಬ್ಯಾಕಪ್ಪಿನಲ್ಲಿ ಅದರ ಸುಳಿವೇ ಇಲ್ಲ.

ಫಾಂಟನ್ನು ಇಳಿಸಿಕೊಂಡು ಹಾಕಿದೆ. ಹೆಸರು ಅದೇ, ಆವೃತ್ತಿ ಬೇರೆ. ಕನ್ನಡವೇನೋ ಬಂತು, ಆದರೆ ಕೆಲವು ಒತ್ತಕ್ಷರ ಪಕ್ಕಕ್ಕೆ ಸರಿದಿದ್ದವು, ಅರ್ಕಾವೊತ್ತು ಕೆಲವು ಕಡೆ ಮಾಯ, ಸಾಲುಗಳು ಮುರಿದು ಪುಟ 312 ಇದ್ದದ್ದು 319 ಆಯಿತು. ಗದಗಿನ ಗೆಳೆಯನೊಬ್ಬ, ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ದುಡಿದವನು, ತನ್ನ ಹಳೆಯ ಸಿಡಿಗಳ ಡಬ್ಬಿಯಲ್ಲಿ ಹುಡುಕಿ ನಾನು ಬಳಸುತ್ತಿದ್ದ ಆವೃತ್ತಿಯನ್ನೇ ಕಳಿಸಿಕೊಟ್ಟ. ಫೈಲ್ ಉಳಿದದ್ದು ನನ್ನ ಬ್ಯಾಕಪ್ಪಿನಿಂದ. ಅದು ಮತ್ತೆ ಕನ್ನಡವಾದದ್ದು ಅವನ ಡಬ್ಬಿಯಿಂದ.

ಇತ್ತ ಹುಡುಗ ಕೆಟ್ಟ ಡಿಸ್ಕಿನ ಜೊತೆ ಕುಳಿತಿದ್ದ. ಅವನು ಮಾಡಿದ ರೀತಿ ಹೇಳುತ್ತೇನೆ, ನಿಮ್ಮ ಊರಿನ ಹುಡುಗರಿಗೂ ಉಪಯೋಗವಾದೀತು. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಬೇರೆ ಯಂತ್ರ ಚಾಲೂ ಮಾಡಿ, ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರಿನಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಅದಕ್ಕಿಂತ ದೊಡ್ಡದಾದ ಆರೋಗ್ಯವಂತ ಡಿಸ್ಕಿಗೆ ಇಳಿಸುವುದು. ಆಂಟೊನಿಯೊ ಡಿಯಾಜ್ ಡಿಯಾಜ್ ಎಂಬವರು ಬರೆದದ್ದು ಅದು. ಅದರ ಜಾಣತನ ಇರುವುದು ತಾಳ್ಮೆಯಲ್ಲಿ. ವಿಂಡೋಸಿನಲ್ಲಿ ಕಾಪಿ ಮಾಡಲು ಹೋದರೆ ಮೊದಲ ಕೆಟ್ಟ ಜಾಗದಲ್ಲೇ ನಿಂತು, ಅದನ್ನೇ ಓದಲು ಹೆಣಗಿ, ಡಿಸ್ಕನ್ನು ಕೊಂದುಬಿಡುತ್ತದೆ. ಇದು ಕೆಟ್ಟ ಜಾಗವನ್ನು ಹಾರಿ, ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ, ಬಿಟ್ಟದ್ದಕ್ಕೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಲ್ಲಿಸಿ, ಡಿಸ್ಕ್ ತಣಿದ ಮೇಲೆ ಮುಂದುವರಿಸಬಹುದು. ಒಂದೇ ಒಂದು ಅಪಾಯ: ಯಾವುದು ಕೆಟ್ಟ ಡಿಸ್ಕ್, ಯಾವುದು ಹೊಸದು ಎಂದು ಆಜ್ಞೆ ಬರೆಯುವಾಗ ಅದಲು ಬದಲಾದರೆ ಖಾಲಿ ಡಿಸ್ಕ್ ಪುಸ್ತಕದ ಮೇಲೆ ಬಂದು ಕೂಡುತ್ತದೆ. ಹುಡುಗ ಎರಡೂ ಡಿಸ್ಕಿನ ಸೀರಿಯಲ್ ನಂಬರನ್ನು ಕಾಗದದ ಮೇಲೆ ಬರೆದು, ನನ್ನಿಂದ ಎರಡು ಸಲ ಗಟ್ಟಿಯಾಗಿ ಓದಿಸಿ, ಆಮೇಲೆ ಎಂಟರ್ ಒತ್ತಿದ.

ನಾಲ್ಕು ದಿನ ಹಿಡಿಯಿತು. ಆಮೇಲಿನ ಹುಡುಕಾಟವೆಲ್ಲ ಪಡಿಯಚ್ಚಿನ ಮೇಲೆ ನಡೆಯಿತು, ಮೂಲ ಡಿಸ್ಕನ್ನು ತೆಗೆದು ಕವರಿನಲ್ಲಿಟ್ಟೆವು. ಹೆಚ್ಚಿನ ಪುಸ್ತಕಗಳು ಹೆಸರಿನ ಸಮೇತ ಬಂದವು. ಡೆಸ್ಕ್‌ಟಾಪಿನ ಮುಖಪುಟ ಬಂತು. ಮಾಸ್ತರರ ಪುಸ್ತಕದ ಇತ್ತೀಚಿನ ಫೈಲೂ ಕಣ್ಣಿಗೆ ಬಿತ್ತು, ಗಾತ್ರವೂ ಸರಿಯಿತ್ತು. ತೆರೆಯಲಿಲ್ಲ. ಅದರ ನಡುವೆ ಎಲ್ಲೋ ಓದಲಾಗದ ಜಾಗಗಳು ಬಿದ್ದಿದ್ದವು, ಪೇಜ್‌ಮೇಕರ್ ಫೈಲಿನಲ್ಲಿ ಅಷ್ಟಾದರೆ ಇಡೀ ಪುಸ್ತಕವೇ ಬಾಗಿಲು ಹಾಕಿಕೊಳ್ಳುತ್ತದೆ. ಎಷ್ಟು ಪ್ರಯತ್ನಿಸಿದರೂ ಆ ಹತ್ತೊಂಬತ್ತು ದಿನಗಳ ತಿದ್ದುಪಡಿ ಯಂತ್ರದಿಂದ ಸಿಗಲಿಲ್ಲ.

ಮಾಸ್ತರರಿಗೆ ಹೇಳುವ ಧೈರ್ಯ ಬರಲು ಎರಡು ದಿನ ಬೇಕಾಯಿತು. ಅವರು ಬಸ್ಸು ಹತ್ತಿ ಬಂದರು. ಬಗಲಲ್ಲಿ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಮೂರನೆಯ ಪ್ರೂಫಿನ ಹಾಳೆಗಳು, ಕೆಂಪು ಶಾಯಿಯ ಗುರುತುಗಳ ಸಮೇತ. ನಾವು ಕರೆಕ್ಷನ್ ಹಾಕಿದ ಮೇಲೆ ಹಳೆಯ ಪ್ರೂಫನ್ನು ರದ್ದಿಗೆ ಹಾಕುತ್ತೇವೆ. ಅವರು ಒಂದೂ ಹಾಕಿರಲಿಲ್ಲ, ಪ್ರತಿ ಸಲ ಕೇಳಿ ಒಯ್ಯುತ್ತಿದ್ದರು. "ಕಾಗದ ಐತಲ್ಲೋ ತಮ್ಮಾ. ನಾ ಓದ್ತೀನಿ, ನೀ ಹೊಡಿ," ಎಂದರು. ಬಯ್ಯುತ್ತಾರೆಂದು ಕಾದಿದ್ದ ನನಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಹನ್ನೊಂದು ದಿನ ಅವರು ಎದುರಿಗೆ ಕುಳಿತು ಓದಿದರು, ನಾನು ಹೊಡೆದೆ. ಕೆಲವು ಪದ ಬಂದಾಗ ಓದುವುದನ್ನು ಬಿಟ್ಟು ಹಾಡಿಯೇ ತೋರಿಸುತ್ತಿದ್ದರು, ಎಳೆತ ಎಲ್ಲಿ ಎಂದು ನನಗೆ ತಿಳಿಯಲಿ ಎಂದು.

ಆದರೂ ಎಲ್ಲವೂ ಬರಲಿಲ್ಲ. ಕೆಲವು ತಿದ್ದುಪಡಿಗಳನ್ನು ಅವರು ಫೋನಿನಲ್ಲಿ ಹೇಳಿದ್ದರು. ಹಳ್ಳಿಯ ಒಬ್ಬ ಹಿರಿಯರ ಎದುರಿಗೆ ಕುಳಿತು, ಅವರು ಹೇಳಿದ ಹಾಗೆ ಅಲ್ಲಿಂದಲೇ ನನಗೆ ಬರೆಸಿದ್ದರು. ನಾನು ನೇರವಾಗಿ ಫೈಲಿಗೆ ಹೊಡೆದಿದ್ದೆ, ಕಾಗದದ ಮೇಲೆ ಇರಲಿಲ್ಲ. ಬಹಳಷ್ಟು ಮಾಸ್ತರರ ನೆನಪಿನಲ್ಲಿತ್ತು. ಎರಡು ಪದಗಳ ಪಾಠಾಂತರ ಮಾತ್ರ ಅವರಿಗೂ ಖಚಿತವಾಗಲಿಲ್ಲ. ಮತ್ತೆ ಹಳ್ಳಿಗೆ ಹೋಗಿ ಕೇಳಿದರು. ಆ ಹಿರಿಯರಿಗೆ ಅಷ್ಟರಲ್ಲಿ ಪಾರ್ಶ್ವವಾಯು ಆಗಿತ್ತು, ಮಾತು ಒಡೆಯುತ್ತಿರಲಿಲ್ಲ. ಪುಸ್ತಕದಲ್ಲಿ ಆ ಎರಡು ಪದಗಳಿಗೆ ಪಾಠಾಂತರವಿಲ್ಲ. ಓದುವವರಿಗೆ ಅಲ್ಲಿ ಏನೋ ಇತ್ತೆಂದು ಗೊತ್ತಾಗುವುದೂ ಇಲ್ಲ. ನನಗೆ ಗೊತ್ತಿದೆ. ಈ ಪತ್ರ ಬರೆಸುತ್ತಿರುವುದು ಅದೇ.

ಇದಾದ ಮೇಲೆ ಬೇರೆಯವರಿಗೆ ಹೇಗಾಯಿತು ಎಂದು ಹುಡುಕಿ ಓದಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯಲ್ಲಿ, ರಾತ್ರಿ ಹೊತ್ತು ದಣಿದಿದ್ದ ಎಂಜಿನಿಯರ್ ಒಬ್ಬರು ಒಂದು ಸರ್ವರಿನಲ್ಲಿ ಅಳಿಸಬೇಕಾದ್ದನ್ನು ಇನ್ನೊಂದರಲ್ಲಿ ಅಳಿಸಿದರು. ಅವರಿಗೆ ಬ್ಯಾಕಪ್ಪಿನ ಹಲವು ವ್ಯವಸ್ಥೆಗಳಿದ್ದವು. ನೋಡಿದರೆ ಒಂದೂ ಹೊತ್ತಿಗೆ ಒದಗಲಿಲ್ಲ. ದಿನವೂ ಆಗಬೇಕಿದ್ದ ಬ್ಯಾಕಪ್, ಸಾಫ್ಟ್‌ವೇರಿನ ಆವೃತ್ತಿ ಹೊಂದದೆ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಎಂದು ಎಚ್ಚರಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿಯಿಂದ ಅವರು ಬದುಕಿಕೊಂಡರು, ನಡುವಿನ 6 ಗಂಟೆಯದು ಹೋಯಿತು. ಅವರು ಅದನ್ನು ಮುಚ್ಚಿಡದೆ ಎಲ್ಲರಿಗೂ ಬಿಡಿಸಿ ಹೇಳಿದರು, ಅದಕ್ಕೆ ನಾವು ಋಣಿಗಳು. ಆವೃತ್ತಿ ಹೊಂದದ ಸಾಫ್ಟ್‌ವೇರ್ ಅವರದು, ಆವೃತ್ತಿ ಹೊಂದದ ಫಾಂಟ್ ನನ್ನದು. ಇಬ್ಬರೂ ಕಾಪಿ ಮಾಡುತ್ತಿದ್ದೆವು, ಮರಳಿ ತೆರೆದು ನೋಡುತ್ತಿರಲಿಲ್ಲ.

ನನ್ನ ವಿನಂತಿ ಇದರ ಸುತ್ತಲೇ ಇದೆ. ಬರುವ ಭಾನುವಾರ ಒಂದು ಗಂಟೆ ತೆಗೆದಿಡಿ. ನಿಮ್ಮ ಬ್ಯಾಕಪ್ಪಿನಿಂದ ಯಾವುದಾದರೂ ಒಂದು ಪುಸ್ತಕ ಆರಿಸಿ, ನಿಮ್ಮ ಫಾಂಟುಗಳು ಇಲ್ಲದ ಬೇರೆ ಕಂಪ್ಯೂಟರಿನಲ್ಲಿ, ಮಗಳ ಲ್ಯಾಪ್‌ಟಾಪೋ ಪಕ್ಕದ ಅಂಗಡಿಯದೋ, ತೆರೆದು ನೋಡಿ. ಚಿತ್ರಗಳು ಬರುತ್ತವೆಯೇ? ಪುಟಸಂಖ್ಯೆ ಅಷ್ಟೇ ಇದೆಯೇ? ಒತ್ತಕ್ಷರ ತನ್ನ ಜಾಗದಲ್ಲಿದೆಯೇ? ಬಾರದಿದ್ದರೆ ಅದು ಗೊತ್ತಾಗುವುದಕ್ಕೆ ಭಾನುವಾರವೇ ಒಳ್ಳೆಯ ದಿನ.

ಒಂದು ಪುಸ್ತಕ ಮುಗಿದಾಗ ನಾನು ಈಗ ಹೀಗೆ ಇಡುತ್ತೇನೆ. ಪೇಜ್‌ಮೇಕರ್ ಆದರೆ 'ಸೇವ್ ಫಾರ್ ಸರ್ವಿಸ್ ಪ್ರೊವೈಡರ್', ಇನ್‌ಡಿಸೈನ್ ಆದರೆ 'ಪ್ಯಾಕೇಜ್', ಅಂದರೆ ಫಾಂಟ್, ಚಿತ್ರ, ಪುಟ ಎಲ್ಲ ಒಂದೇ ಗಂಟಿನಲ್ಲಿ. ಫಾಂಟ್ ಫೈಲನ್ನು ಕೈಯಾರೆಯೂ ಇನ್ನೊಮ್ಮೆ ಹಾಕುತ್ತೇನೆ. ಜೊತೆಗೆ ಫಾಂಟ್ ಒಳಗೇ ಕೂಡಿದ ಪಿಡಿಎಫ್. ಮೂರನೆಯದು ಯೂನಿಕೋಡಿಗೆ ತಿರುಗಿಸಿದ ಬರೀ ಪಠ್ಯ, ಅಲಂಕಾರವಿಲ್ಲದ್ದು. ಪರಿವರ್ತಕಗಳು ಅಲ್ಲಲ್ಲಿ ಅರ್ಕಾವೊತ್ತನ್ನು ತಪ್ಪಿಸುತ್ತವೆ, ಕಣ್ಣಾಡಿಸಬೇಕು. ಆದರೂ ಮೂವತ್ತು ವರ್ಷದ ಮೇಲೆ ಪೇಜ್‌ಮೇಕರ್ ತೆರೆಯುವ ಯಂತ್ರವೇ ಇಲ್ಲದಾಗ ಆ ಪುಸ್ತಕವನ್ನು ಓದಲು ಸಿಗುವುದು ಈ ಮೂರನೆಯದರಿಂದ. ಫೋನಿನಲ್ಲಿ ಬಂದ ತಿದ್ದುಪಡಿಯನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ತಾರೀಖು ಹಾಕಿ, ಆಮೇಲೆ ಹೊಡೆಯುತ್ತೇನೆ.

ಪ್ರತಿ ಎಷ್ಟಿರಬೇಕು ಎಂಬುದಕ್ಕೆ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಲೆಕ್ಕ ಒಂದಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ನಮ್ಮಲ್ಲಿ ಹಲವರು ಪ್ರತಿಯೆಂದು ಎಣಿಸುವುದು ಪ್ರತಿಯೇ ಆಗಿರುವುದಿಲ್ಲ. ಡಿ ಡ್ರೈವಿನಿಂದ ಇ ಡ್ರೈವಿಗೆ ಕಾಪಿ ಮಾಡಿದರೆ ಎರಡೂ ಇರುವುದು ಸಾಮಾನ್ಯವಾಗಿ ಒಂದೇ ಡಿಸ್ಕಿನ ಮೇಲೆ. ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಎಕ್ಸ್‌ಟರ್ನಲ್ ಡಿಸ್ಕ್ ಸಿಡಿಲು ಹೊಡೆದರೆ ಜೊತೆಗೇ ಹೋಗುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ನಡುಗಿಸಿದ ವನ್ನಾಕ್ರೈಯಂಥ ವೈರಸ್ ಬಂದರೆ ಚುಚ್ಚಿದ್ದಕ್ಕೂ ಬೀಗ ಬೀಳುತ್ತದೆ. ಗೂಗಲ್ ಡ್ರೈವ್ ಒಳ್ಳೆಯದೇ, 15 ಜಿಬಿ ಉಚಿತ, ನಡೆಯುತ್ತಿರುವ ಪುಸ್ತಕಗಳಿಗೆ ಧಾರಾಳ ಸಾಕು. ಆದರೆ ತಾನೇ ಹೊಂದಿಸಿಕೊಳ್ಳುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಆದ್ದರಿಂದ ಹಳೆಯದರ ಮೇಲೆ ಹೊಸದನ್ನು ಬರೆಯದೆ, ತಾರೀಖು ಹಾಕಿ ಬೇರೆ ಬೇರೆ ಇಡಿ.

'ನನ್ನ ಕಂಪ್ಯೂಟರ್ ಚೆನ್ನಾಗಿದೆ, ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿದ್ದೇನೆ' ಎನ್ನುವವರಿಗೂ ಒಂದು ಮಾತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ಸಾಫ್ಟ್‌ವೇರಿನಲ್ಲಿ ಕೆಟ್ಟು ಬದಲಿಸಿದ ಜಾಗಗಳು, ಓದಲಾಗದೆ ಕಾದಿರುವ ಜಾಗಗಳು ಎಷ್ಟೆಂದು ನೋಡಬಹುದು. ನೋಡಲೇಬೇಕು. ಆ ಸಂಖ್ಯೆ ಸೊನ್ನೆಯಿಂದ ಏರತೊಡಗಿದರೆ ಅವತ್ತೇ ಡಿಸ್ಕ್ ಬದಲಿಸಿ. ಆದರೆ ಅದು ಸೊನ್ನೆ ಇದ್ದ ಮಾತ್ರಕ್ಕೆ ನೆಮ್ಮದಿಯಿಂದ ಇರಬೇಡಿ. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದಾಗ, ಕೆಟ್ಟುಹೋದವುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚು ಡಿಸ್ಕುಗಳು ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡವರಿಗೆ ಆ 'ಟಕ್' ಕೂಡ ಕೇಳಿಸುವುದಿಲ್ಲ. ಇವತ್ತು ಇರುತ್ತದೆ, ನಾಳೆ ಯಂತ್ರಕ್ಕೆ ಕಾಣುವುದೇ ಇಲ್ಲ. ಅದರಿಂದ ಅಳಿಸಿದ ಫೈಲನ್ನು ಮರಳಿ ತೆಗೆಯುವುದೂ ಬಹುತೇಕ ಆಗದ ಮಾತು, ಖಾಲಿಯಾದ ಜಾಗವನ್ನು ಅದು ತಾನೇ ಒರೆಸಿಕೊಳ್ಳುತ್ತದೆ. ವರ್ಷಗಟ್ಟಲೆ ಕರೆಂಟ್ ಕಾಣದೆ ಕಪಾಟಿನಲ್ಲಿಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ.

ಇನ್ನೊಂದು ವಿಷಯದಲ್ಲಿ ನಿಮ್ಮಲ್ಲಿ ಕೆಲವರಿಗೆ ನನ್ನ ಮಾತು ಹಿಡಿಸಲಿಕ್ಕಿಲ್ಲ. 'ಓಪನ್ ಫೈಲ್ ಕೊಡುವುದಿಲ್ಲ, ಪಿಡಿಎಫ್ ಮಾತ್ರ' ಎಂಬುದು ನಮ್ಮ ಕಸುಬಿನ ರೂಢಿ. ಕೊಟ್ಟರೆ ಎರಡನೆಯ ಮುದ್ರಣಕ್ಕೆ ಬೇರೆಯವರ ಬಳಿ ಹೋಗುತ್ತಾರೆ ಎಂಬ ಭಯ. ಪುಟಕ್ಕೆ ಸಿಗುವ ದರ ಎಷ್ಟೆಂದು ನನಗೂ ಗೊತ್ತು, ಆ ಭಯ ಸುಳ್ಳೆನ್ನಲಾರೆ. ಆದರೂ ಕೆಲಸ ಮುಗಿದು ಹಣ ಕೈಗೆ ಬಂದ ಮೇಲೆ, ಫಾಂಟಿನ ಸಮೇತ ಆ ಗಂಟನ್ನು ಲೇಖಕರಿಗೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟುಬಿಡಬೇಕು ಎಂಬ ನಿರ್ಧಾರಕ್ಕೆ ನಾನು ಬಂದಿದ್ದೇನೆ. ಅದು ಅವರ ಬರಹ. ನಮ್ಮ ಅಂಗಡಿಗೆ ನೀರು ನುಗ್ಗಿದರೂ, ನಾವೇ ಇಲ್ಲದಾದರೂ, ಅವರ ಮನೆಯಲ್ಲಿ ಒಂದು ಪ್ರತಿ ಉಳಿದಿರುತ್ತದೆ. ಮಾಸ್ತರರ ಬಟ್ಟೆಯ ಗಂಟು ನನ್ನನ್ನು ಕಾಪಾಡಿದ್ದು ಹಾಗೆಯೇ ಅಲ್ಲವೇ? ಪ್ರಕಾಶಕರೂ ಬಿಲ್ ಚುಕ್ತಾ ಮಾಡುವಾಗ ಅದನ್ನು ಕೇಳಿ ಪಡೆಯಲಿ. ಒಂದು ಡಿಸ್ಕಿನ ಖರ್ಚನ್ನು ವರ್ಷದ ಪುಸ್ತಕಗಳ ಮೇಲೆ ಹಂಚಿದರೆ ಯಾರಿಗೂ ಹೊರೆಯಾಗದು, ಬಿಲ್ಲಿನಲ್ಲಿ ಒಂದು ಸಾಲು ಸೇರಿಸಲು ನಾಚಿಕೆ ಬೇಡ.

ಬೇರೆ ಊರಿನ ಪ್ರತಿಗೆ ಗದಗಿನ ಗೆಳೆಯನೂ ನಾನೂ ಒಂದು ಏರ್ಪಾಟು ಮಾಡಿಕೊಂಡಿದ್ದೇವೆ. ನನ್ನ ಒಂದು ಡಿಸ್ಕ್ ಅವನ ಕಪಾಟಿನಲ್ಲಿದೆ, ಅವನದೊಂದು ನನ್ನ ಕಪಾಟಿನಲ್ಲಿ. ಎರಡಕ್ಕೂ ಪಾಸ್‌ವರ್ಡ್ ಇದೆ, ಲೇಖಕರ ಅಚ್ಚಾಗದ ಬರಹ ಬೇರೆಯವರ ಕಣ್ಣಿಗೆ ಬೀಳಬಾರದು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮನೆಯವರ ಕೈಯಲ್ಲಿ ಕೊಟ್ಟಿದ್ದೇನೆ. ತಿಂಗಳಿಗೊಮ್ಮೆ ಯಾರಾದರೊಬ್ಬರು ಬಸ್ಸಿನಲ್ಲಿ ಹೋಗಿ ಅದಲು ಬದಲು ಮಾಡಿಕೊಂಡು ಬರುತ್ತೇವೆ. ನಿಮ್ಮ ಊರಿನಲ್ಲೂ ಇಬ್ಬಿಬ್ಬರು ಹೀಗೆ ಜೋಡಿಯಾಗಬಹುದು. ಯಾರೂ ಸಿಗದಿದ್ದರೆ ನನ್ನ ಕಪಾಟಿನಲ್ಲಿ ಇನ್ನೂ ಜಾಗವಿದೆ.

ಕೊನೆಗೆ, ನಿಮ್ಮಲ್ಲಿ ಯಾರ ಬಳಿಯಾದರೂ ಉಚಿತವಾಗಿ ಹಂಚಿದ ಹಳೆಯ ಕನ್ನಡ ಫಾಂಟುಗಳ ಸಿಡಿ ಇದ್ದರೆ ದಯವಿಟ್ಟು ಎಸೆಯಬೇಡಿ. ಸಿಡಿಯೂ ಹಾಳಾಗುತ್ತದೆ, ಈಗಲೇ ಡಿಸ್ಕಿಗೆ ಇಳಿಸಿಕೊಳ್ಳಿ. ಯಾವ ಆವೃತ್ತಿ, ಯಾವ ವರ್ಷದ್ದು ಎಂದು ಒಂದು ಸಾಲು ಬರೆದು ತಿಳಿಸಿ. ಗದಗಿನ ಗೆಳೆಯನ ಡಬ್ಬಿಯಲ್ಲಿ ಸಿಕ್ಕವನ್ನು ನಾವಿಬ್ಬರೂ ಪಟ್ಟಿ ಮಾಡುತ್ತಿದ್ದೇವೆ. ನಿಮ್ಮ ಸಿಡಿ ಓದಿಸುವ ಡ್ರೈವ್ ನಿಮ್ಮಲ್ಲಿ ಇಲ್ಲದಿದ್ದರೆ ಹೇಳಿ. ಡ್ರೈವ್ ಹಿಡಿದುಕೊಂಡು ನಾನೇ ಬರುತ್ತೇನೆ.

ಇತಿ ನಿಮ್ಮವ,
ಧಾರವಾಡದ ಒಬ್ಬ ಅಕ್ಷರ ಜೋಡಣೆಗಾರ